ಏಳು ಆಸನಗಳ ಹೊಸ ಕಾರು, ಮೂರು ತಿಂಗಳು, 4,200 ಕಿಲೋಮೀಟರ್: ಊರೊಳಗೆ 12 ಮೈಲೇಜ್ ಸಹಜವೇ?

ಪ್ರಶ್ನೆ (ದಾವಣಗೆರೆ, ಎಂ.ಸಿ.ಸಿ. ‘ಬಿ’ ಬ್ಲಾಕ್‌ನಿಂದ)

ಎಲ್ಲರಿಗೂ ನಮಸ್ಕಾರ. ಹದಿಮೂರು ವರ್ಷ ದುಡಿದ ಸಣ್ಣ ಕಾರನ್ನು ಕೊಟ್ಟು, ಮೂರು ತಿಂಗಳ ಹಿಂದೆ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ನಿನ, ಮ್ಯಾನ್ಯುಯಲ್ ಗೇರಿನ, ಏಳು ಆಸನಗಳ ಕಾರು ತೆಗೆದುಕೊಂಡೆವು. ಮನೆಯಲ್ಲಿ ಅಪ್ಪ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಜಗಳೂರು ತಾಲ್ಲೂಕಿನ ನಮ್ಮ ಊರಿಗೆ ಹೊರಟಾಗ ಸೋದರತ್ತೆಯೂ ಜೊತೆಗೂಡಿದರೆ ಏಳರ ಲೆಕ್ಕ ಭರ್ತಿಯಾಗುತ್ತದೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಬಂದೊಡನೆ ಮಾತು ಕಾರನ್ನು ಬಿಟ್ಟು ಪಕ್ಷ ಕಟ್ಟುವುದರ ಕಡೆಗೆ ತಿರುಗುವುದನ್ನು ಇಲ್ಲಿ ಹಲವು ಸಲ ನೋಡಿದ್ದೇನೆ.

ಮೊದಲು ಅಮ್ಮನ ವಿಷಯ ಹೇಳಬೇಕು, ಏಕೆಂದರೆ ಕಾರು ಬದಲಿಸಿದ್ದೇ ಅವರ ಮೊಣಕಾಲು ನೋವಿನಿಂದಾಗಿ. ಹಳೆಯ ಕಾರಿನೊಳಗೆ ಅವರು ತಗ್ಗಿಗೆ ಇಳಿದಂತೆ ಕೂರಬೇಕಿತ್ತು, ಏಳುವಾಗ ಯಾರಾದರೂ ತೋಳು ಕೊಡಬೇಕಿತ್ತು. ಎಸ್‌ಯುವಿಗಳನ್ನು ನೋಡಲು ಹೋದಾಗ ಇದಕ್ಕೆ ತಿರುಗುಮುರುಗಾದ ಕಷ್ಟ ಎದುರಾಯಿತು: ಸೀರೆಯ ನೆರಿಗೆ ಎತ್ತಿ ಹಿಡಿದು, ಬಾಗಿಲ ಮೇಲಿನ ಹಿಡಿಗೆ ಜೋತುಬಿದ್ದು ಹತ್ತಬೇಕು. ಈ ಕಾರಿನ ಎರಡನೆಯ ಸಾಲಿನ ಆಸನ ನಮ್ಮ ಊಟದ ಮೇಜಿನ ಕುರ್ಚಿಯಷ್ಟೇ ಎತ್ತರದಲ್ಲಿದೆ. ಹೊರಗೆ ಬೆನ್ನು ತಿರುಗಿಸಿ ನಿಂತು, ಕುಳಿತು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದುಕೊಂಡರೆ ಆಯಿತು. ಷೋರೂಮಿನಲ್ಲಿ ಅಮ್ಮನನ್ನು ನಾಲ್ಕು ಸಲ ಹತ್ತಿಸಿ ಇಳಿಸಿ ನೋಡಿದೆವು. ಮಾರಾಟದ ಹುಡುಗ ಪರದೆಯ ಅಳತೆಯನ್ನು ವರ್ಣಿಸುತ್ತಲೇ ಇದ್ದ. ನಾವು ಆಸನದ ಎತ್ತರವನ್ನು ನೋಡಿ ಮುಂಗಡ ಕೊಟ್ಟೆವು.

ಮೂರನೆಯ ಸಾಲು ಮಕ್ಕಳಿಗೆ ಸಾಕು, ದೊಡ್ಡವರಿಗೆ ಶಿಕ್ಷೆ. ಚಾವಣಿಯಲ್ಲಿ ಕಾಣುವ ಹಿಂಬದಿಯ ಎ.ಸಿ. ಕಿಂಡಿಗಳು ಪ್ರತ್ಯೇಕವಾಗಿ ಗಾಳಿಯನ್ನು ತಂಪು ಮಾಡುವುದಿಲ್ಲ, ಮುಂದಿನ ಎ.ಸಿ. ತಂಪು ಮಾಡಿದ ಗಾಳಿಯನ್ನೇ ಎಳೆದು ಹಿಂದಕ್ಕೆ ದೂಡುತ್ತವೆ ಎಂಬುದು ಕೈಪಿಡಿ ಓದಿದ ಮೇಲೆ ತಿಳಿಯಿತು. ಬಿಸಿಲಲ್ಲಿ ನಿಂತಿದ್ದ ಕಾರನ್ನು ಹೊರಡಿಸಿದಾಗ ಹತ್ತು ನಿಮಿಷ ಹಿಂದಿನವರು ಬೇಯುತ್ತಾರೆ. ಆ ಸಾಲು ಎದ್ದು ನಿಂತಿದ್ದರೆ ಡಿಕ್ಕಿಯಲ್ಲಿ ಎರಡು ಶಾಲೆಯ ಚೀಲ, ಒಂದು ನೀರಿನ ಕ್ಯಾನು ಹಿಡಿಯುತ್ತದೆ, ಅಷ್ಟೇ. ಊರಿನಿಂದ ಬರುವಾಗ ಅಕ್ಕಿ, ಹುಣಸೆಹಣ್ಣು, ತೆಂಗಿನಕಾಯಿ ಇಲ್ಲದೆ ಬಂದದ್ದುಂಟೇ? ಒಂದು ಬದಿಯ ಆಸನವನ್ನು ಮಡಚಬೇಕು, ಆಗ ಏಳು ಆಸನದ ಕಾರು ಆರಕ್ಕೆ ಇಳಿಯುತ್ತದೆ.

ಎ.ಸಿ.ಯನ್ನು ಹೆಚ್ಚು ಕಡಿಮೆ ಮಾಡಲು ಪರದೆಯನ್ನೇ ಮುಟ್ಟಬೇಕಾಗಿರುವುದು ನನಗೆ ಹಿಡಿಸಿಲ್ಲ. ಹಳೆಯ ಕಾರಿನ ತಿರುಗಣೆಯನ್ನು ರಸ್ತೆಯಿಂದ ಕಣ್ಣು ತೆಗೆಯದೆ ತಿರುಗಿಸಬಹುದಿತ್ತು. ಆಸನಗಳು ಕ್ರೀಮ್ ಬಣ್ಣದವು. ನಮ್ಮ ಹೊಲ ಎರೆಮಣ್ಣಿನದು. ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಪ್ರಶ್ನೆ. ಬೆಂಗಳೂರಿಗೆ ಹೋಗಿ ಬಂದಾಗ, ಗಂಟೆಗೆ 80ರಿಂದ 90 ಕಿಲೋಮೀಟರ್ ವೇಗದಲ್ಲಿ, ಲೀಟರಿಗೆ 17ಕ್ಕಿಂತ ಸ್ವಲ್ಪ ಮೇಲೆಯೇ ಸಿಕ್ಕಿತು. ಆದರೆ ದಾವಣಗೆರೆಯೊಳಗೆ 12 ದಾಟುತ್ತಿಲ್ಲ. ಡ್ಯಾಶ್‌ಬೋರ್ಡ್ ಮಾತ್ರ 13 ಎಂದು ತೋರಿಸುತ್ತದೆ. ದಿನದ ಓಡಾಟವೆಂದರೆ ಮಕ್ಕಳ ಶಾಲೆಗೆ ಎರಡೂವರೆ ಕಿಲೋಮೀಟರ್, ಅಲ್ಲಿಂದ ನನ್ನ ಕಚೇರಿಗೆ ಮೂರು, ನಡುವೆ ರೈಲ್ವೆ ಗೇಟು ಬಿದ್ದಿದ್ದರೆ ಅಲ್ಲಿಯ ಕಾಯುವಿಕೆ. ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದರೆ, ಮುಂದಿನ ಸರ್ವಿಸಿನಲ್ಲಿ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಶುಚಿ ಮಾಡಿಸಿ, ಅದಕ್ಕೆ ಬೇರೆ ಶುಲ್ಕವಾಗುತ್ತದೆ ಎಂದರು. 4,200 ಕಿಲೋಮೀಟರಿಗೇ ಇಂಜೆಕ್ಟರ್ ಕೊಳೆಯಾಗುತ್ತದೆಯೇ? ಅಥವಾ ಕಾರಿನಲ್ಲೇ ದೋಷವಿದೆಯೇ?

ಉತ್ತರ 1 (ಚಿತ್ರದುರ್ಗದಿಂದ)

ಸರ್, ದೋಷ ಕಾರಿನಲ್ಲಿಲ್ಲ, ಎರಡೂವರೆ ಕಿಲೋಮೀಟರಿನಲ್ಲಿದೆ. ತಣ್ಣಗಿನ ಎಂಜಿನ್ ಚಾಲೂ ಆದ ಕೆಲವು ನಿಮಿಷ ಗಾಳಿಗೆ ಹೋಲಿಸಿದರೆ ಹೆಚ್ಚು ಪೆಟ್ರೋಲನ್ನು ಬೇಡುತ್ತದೆ. ಎಣ್ಣೆಯೂ ಆಗ ದಪ್ಪಗಿರುತ್ತದೆ. ನಿಮ್ಮ ಕಾರು ಬಿಸಿಯೇರಿ ಮಿತವ್ಯಯಕ್ಕೆ ಬರುವ ಹೊತ್ತಿಗೆ ಶಾಲೆಯ ಗೇಟು ಬಂದಿರುತ್ತದೆ, ಸಂಜೆ ಮತ್ತೆ ಮೊದಲಿನಿಂದ ಅದೇ ಕಥೆ. ಕಂಪನಿಗಳು ಜಾಹೀರಾತಿನಲ್ಲಿ ಕೊಡುವ ಅಂಕಿ ಪ್ರಯೋಗಾಲಯದ ಉರುಳೆಗಳ ಮೇಲೆ, ಎ.ಸಿ. ಹಾಕದೆ ಅಳೆದದ್ದು, ಅಲ್ಲಿ ರೈಲ್ವೆ ಗೇಟು ಬೀಳುವುದಿಲ್ಲ.

ಇದರ ಜೊತೆಗೆ ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಆದ್ದರಿಂದ, ಈ ಮಿಶ್ರಣದಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡಾ 6ರಿಂದ 7ರಷ್ಟು ಶಕ್ತಿ ಕಡಿಮೆ. ನಿಮ್ಮ ಹಳೆಯ ಕಾರು ಹದಿಮೂರು ವರ್ಷದ ಹಿಂದೆ ಕೊಡುತ್ತಿದ್ದ ಮೈಲೇಜಿನೊಂದಿಗೆ ಹೋಲಿಸುತ್ತಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಥನಾಲನ್ನು ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ, ದಾವಣಗೆರೆಯವರು ಮೆಕ್ಕೆಜೋಳದ ಬಗ್ಗೆ ತಕರಾರು ಮಾಡಬಾರದು ಎಂದು ನನ್ನ ಸ್ನೇಹಿತರೊಬ್ಬರು ತಮಾಷೆ ಮಾಡುತ್ತಾರೆ.

ಡ್ಯಾಶ್‌ಬೋರ್ಡಿನ ಅಂಕಿಯನ್ನು ಬಿಡಿ, ಅದು ಹೆಚ್ಚಾಗಿ ಒಂದಷ್ಟು ಉದಾರಿ. ಒಂದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ದೂರವನ್ನು ಮುಂದಿನ ಸಲ ತುಂಬಿದ ಲೀಟರಿನಿಂದ ಭಾಗಿಸಿ, ಹೀಗೆ ಮೂರು ನಾಲ್ಕು ಸಲದ ಸರಾಸರಿ ತೆಗೆಯಿರಿ. ಅದಕ್ಕೂ ಮೊದಲು, ಬೆಳಿಗ್ಗೆ ಕಾರು ಓಡಿಸುವ ಮುನ್ನ, ಟೈರಿನ ಗಾಳಿಯನ್ನು ನೋಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಇಬ್ಬರು ಮೂವರು ಕುಳಿತಾಗ ಎಷ್ಟು, ಪೂರ್ತಿ ಹೊರೆಗೆ ಎಷ್ಟು ಎಂದು ಬೇರೆ ಬೇರೆ ಅಂಕಿ ಇರುತ್ತದೆ.

ಇಂಜೆಕ್ಟರ್ ಶುಚಿ ಮಾಡಿಸುವ ಮಾತನ್ನು ಈ ಹಂತದಲ್ಲಿ ಖಂಡಿತ ಒಪ್ಪಬೇಡಿ. ಕೈಪಿಡಿಯಲ್ಲಿ ಯಾವ ಕಿಲೋಮೀಟರಿಗೆ ಯಾವ ಕೆಲಸ ಎಂಬ ಪಟ್ಟಿ ಇದೆ; ಅದನ್ನು ಕೌಂಟರಿನ ಮೇಲೆ ಬಿಡಿಸಿಟ್ಟು, ‘ಇದರಲ್ಲಿರುವುದನ್ನು ಮಾಡಿ, ಇಲ್ಲದ್ದನ್ನು ಮಾಡುವುದಾದರೆ ಕಾರಣವನ್ನು ಬರೆದುಕೊಡಿ’ ಎಂದು ಹೇಳಿ. ನನ್ನ ಅನುಭವದಲ್ಲಿ ಬರೆದುಕೊಡಲು ಯಾರೂ ಮುಂದೆ ಬಂದಿಲ್ಲ.

ಉತ್ತರ 2 (ಹೊಳಲ್ಕೆರೆ ತಾಲ್ಲೂಕಿನಿಂದ)

ಮೈಲೇಜಿನ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಜಗಳೂರಿನ ಕಡೆಯ ನಿಮ್ಮ ಓಡಾಟದ ಬಗ್ಗೆ ಒಂದು ಎಚ್ಚರಿಕೆಯ ಮಾತು ಹೇಳುತ್ತೇನೆ. ನಾನೂ ರೈತನೇ, ಕಣ ಮಾಡಲು ಜಾಗವಿಲ್ಲದವರ ಕಷ್ಟ ಗೊತ್ತು. ಆದರೂ ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಒಕ್ಕಣೆಗೆ ಹರಡುವುದರಿಂದ ಕಾರುಗಳಿಗೆ ನಿಜವಾದ ಅಪಾಯವಿದೆ. ಹುರುಳಿಯ ಬಳ್ಳಿ ಚಕ್ರದ ಅಚ್ಚಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಹೊಗೆ ಕೊಳವೆಯ ಬಳಿ ಸಿಕ್ಕಿಹಾಕಿಕೊಳ್ಳುತ್ತದೆ. ಪೆಟ್ರೋಲ್ ಕಾರಿನ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುವುದರಿಂದ ಒಣ ಸೊಪ್ಪೆಗೆ ಬೆಂಕಿ ಹತ್ತಲು ತಡವಾಗುವುದಿಲ್ಲ. ಏಳು ಜನ ಕುಳಿತಾಗ ನಿಮ್ಮ ಕಾರಿನ ಹಿಂಭಾಗ ಇನ್ನಷ್ಟು ತಗ್ಗುತ್ತದೆ. ಅಂತಹ ರಾಶಿ ಕಂಡರೆ ಬೇರೆ ದಾರಿ ಹಿಡಿಯಿರಿ. ದಾಟಲೇಬೇಕಾದರೆ ದಾಟಿದ ಕೂಡಲೇ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಬಗ್ಗಿ ಕೆಳಗೆ ನೋಡಿ. ವಾಸನೆ ಬಂದ ಮೇಲೆ ನೋಡೋಣ ಎನ್ನುವುದು ಬೇಡ.

ಇನ್ನೊಂದು ಬಳ್ಳಾರಿ ಜಾಲಿಯ ಮುಳ್ಳು. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ಮುರಿದು ಕುಳಿತರೆ ಗಾಳಿ ಒಂದೇ ಸಲಕ್ಕೆ ಹೋಗುವುದಿಲ್ಲ, ವಾರವಿಡೀ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ನಿಮ್ಮ ಮೈಲೇಜಿನ ಕಳ್ಳ ಅಲ್ಲಿಯೂ ಇರಬಹುದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಇಬ್ಬರಿಗೂ ಧನ್ಯವಾದಗಳು. ಮುಂದಿನ ಎಡ ಟೈರಿನಲ್ಲಿ 33 ಇರಬೇಕಾದ ಗಾಳಿ 25 ಇತ್ತು. ಪಂಕ್ಚರ್ ಅಂಗಡಿಯವರು ನೀರಿನಲ್ಲಿ ತಿರುಗಿಸಿ ನೋಡಿ ಎರಡು ಮುಳ್ಳು ತೆಗೆದುಕೊಟ್ಟರು, ಎರಡೂ ಜಾಲಿಯವೇ. ಶಾಲೆಗೆ ಮಕ್ಕಳನ್ನು ಈಗ ಸ್ಕೂಟರಿನಲ್ಲಿ ಬಿಡುತ್ತಿದ್ದೇನೆ, ಕಾರು ಕಚೇರಿಗೂ ಬರುತ್ತಿಲ್ಲ. ವಾರಕ್ಕೆ ಎರಡು ಮೂರು ಸಲ ದೂರದ ಕೆಲಸಗಳಿಗಷ್ಟೇ ತೆಗೆಯುತ್ತೇವೆ. ಎರಡು ಸಲ ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದಾಗ 13.6 ಬಂತು. ಸರ್ವಿಸ್ ಕೇಂದ್ರದಲ್ಲಿ ಕೈಪಿಡಿಯ ಪಟ್ಟಿಯನ್ನು ತೋರಿಸಿದೆ. ಇಂಜೆಕ್ಟರಿನ ಮಾತು ಮತ್ತೆ ಬರಲಿಲ್ಲ, ಬದಲಿಗೆ ಕೆಳಭಾಗಕ್ಕೆ ತುಕ್ಕು ಹಿಡಿಯದಂತೆ ಲೇಪನ ಹಚ್ಚಿಸುವ ಮಾತು ಬಂತು. ಬಳ್ಳಾರಿಯ ಕಡೆ ಮುಖ ಮಾಡಿರುವ ಒಣ ಊರಿನವರಿಗೆ ಕಡಲತೀರದ ಔಷಧ.

ಕೊನೆಯದಾಗಿ ಒಂದು ಕೇಳುವುದಿದೆ. ಕ್ರೀಮ್ ಬಣ್ಣದ ಆಸನಗಳಿಗೆ ಕವರ್ ಹಾಕಿಸಬೇಕೆಂದಿದ್ದೇವೆ. ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಹೊಲಿಸಬಹುದೇ, ಅಥವಾ ಕಂಪನಿಯದೇ ಬೇಕೇ?

ಉತ್ತರ 3 (ದಾವಣಗೆರೆ, ವಿದ್ಯಾನಗರದಿಂದ)

ಹೊಲಿಸುವ ಮುನ್ನ ಮುಂದಿನ ಆಸನಗಳ ಹೊರಬದಿಯಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಸಣ್ಣ ಪಟ್ಟಿ ಇದೆಯೇ ನೋಡಿ. ಆರು ಏರ್‌ಬ್ಯಾಗುಗಳ ಕಾರಾದರೆ ಅವುಗಳಲ್ಲಿ ಎರಡು ಸಾಮಾನ್ಯವಾಗಿ ಆ ಆಸನಗಳ ಬದಿಯೊಳಗೇ ಮಡಚಿ ಕುಳಿತಿರುತ್ತವೆ. ಗಟ್ಟಿ ಹೊಲಿಗೆಯ ಕವರ್ ಸುತ್ತಿದರೆ ಅಪಘಾತದ ಕ್ಷಣದಲ್ಲಿ ಅವು ಸರಿಯಾಗಿ ಹೊರಬರಲಾರವು. ಆ ಬದಿಯನ್ನು ತೆರೆದು ಬಿಟ್ಟ, ಅಥವಾ ಅಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುವ ಹೊಲಿಗೆಯಿರುವ ಕವರ್ ಮಾತ್ರ ತೆಗೆದುಕೊಳ್ಳಿ. ಹಿಂದಿನ ಎರಡು ಸಾಲುಗಳಿಗೆ ಆ ಗುರುತು ಇಲ್ಲದಿದ್ದರೆ ಪಿ.ಬಿ. ರಸ್ತೆಯವರೇ ಸಾಕು, ಆದರೆ ಸೀಟ್ ಬೆಲ್ಟಿನ ಕೊಂಡಿಗಳು ಕವರಿನ ಕೆಳಗೆ ಹೂತುಹೋಗದಂತೆ ನಿಂತು ನೋಡಿಕೊಳ್ಳಿ. ನಮ್ಮ ಕಾರಿನಲ್ಲಿ ಒಂದು ಕೊಂಡಿ ಹಾಗೆ ಹೂತುಹೋಗಿ, ನಡುವೆ ಕೂರುವ ಮಗಳು ಎರಡು ತಿಂಗಳು ಬೆಲ್ಟ್ ಹಾಕಿಯೇ ಇರಲಿಲ್ಲವೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಬಣ್ಣ ಮಾತ್ರ ಕಪ್ಪು ಬೇಡ. ಎರೆಮಣ್ಣು ಕಾಣುವುದಿಲ್ಲ, ನಿಜ, ಆದರೆ ಏಪ್ರಿಲ್ ಬಿಸಿಲಿನಲ್ಲಿ ನಿಮ್ಮ ಅಮ್ಮ ಅದರ ಮೇಲೆ ಕೂರಲಾರರು.