ಶಾಂತಿಪಾಲನಾ ಪಡೆ ಯುದ್ಧ ತಡೆಯುತ್ತದೆಯೇ? ನಿವೃತ್ತ ಕರ್ನಲ್ ಅವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ವಿಶ್ವಸಂಸ್ಥೆಯಂತಹ ಸಂಸ್ಥೆಗಳಿಂದ ದೇಶ ದೇಶಗಳ ನಡುವಿನ ಯುದ್ಧ ಕಡಿಮೆಯಾಗುತ್ತದೆಯೇ ಎಂಬುದು ಈ ವಾರದ ವಿಷಯ. ಎರಿಟ್ರಿಯ–ಇಥಿಯೋಪಿಯ ಗಡಿಯಲ್ಲಿ ವಿಶ್ವಸಂಸ್ಥೆಯ ಸೇನಾ ವೀಕ್ಷಕರಾಗಿದ್ದ ಕರ್ನಲ್ ಉತ್ತರಿಸುತ್ತಾರೆ.

ತುಮಕೂರಿನ ಸದಸ್ಯ: ಭದ್ರತಾ ಮಂಡಳಿಯ ತೀರ್ಮಾನವನ್ನು ಒಂದೇ ದೇಶ ತಡೆದುಬಿಡಬಲ್ಲ ವೀಟೊ ಇರುವವರೆಗೆ ವಿಶ್ವಸಂಸ್ಥೆ ಇದ್ದೂ ಇಲ್ಲದಂತೆ ಅಲ್ಲವೇ ಸರ್?

ಕರ್ನಲ್: ವೀಟೊ ಇರುವ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದು ದೇಶಗಳ ಮಟ್ಟಿಗೆ ಬಹುಪಾಲು ನಿಜ. 2022ರ ಫೆಬ್ರವರಿಯಲ್ಲಿ ಉಕ್ರೇನ್ ವಿಚಾರದಲ್ಲಿ ರಷ್ಯಾ ಅದನ್ನೇ ಬಳಸಿತು. ಉಳಿದ ದೇಶಗಳ ಜಗಳದ ಮಾತು ಬೇರೆ.

ಬೆಳಗಾವಿಯ ಸದಸ್ಯೆ: ಸರ್, ನನ್ನ ಮಗ ಶಾಂತಿಪಾಲನಾ ಪಡೆಗೆ ಆಯ್ಕೆಯಾಗಿದ್ದಾನೆ. ಎರಡು ಸೇನೆಗಳ ನಡುವೆ ಹೋಗಿ ನಿಂತರೆ ನಿಜಕ್ಕೂ ಯುದ್ಧ ನಿಲ್ಲುತ್ತದೆಯೇ? ಒಂದು ಕಡೆಯವರು ಹೊರಡಿ ಎಂದರೆ ಇವರ ಗತಿಯೇನು?

ಕರ್ನಲ್: ತಾಯಿ, ನಿಮ್ಮ ಎರಡನೆಯ ಪ್ರಶ್ನೆಯೇ ದೊಡ್ಡದು. 1956ರಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಮೂರೂ ಈಜಿಪ್ಟಿನ ಮೇಲೆ ಬಿದ್ದವು. ಭದ್ರತಾ ಮಂಡಳಿಯಲ್ಲಿ ಬ್ರಿಟನ್, ಫ್ರಾನ್ಸ್ ವೀಟೊ ಹಾಕಿದಾಗ ಎಲ್ಲ ಸದಸ್ಯ ದೇಶಗಳಿರುವ ಸಾಮಾನ್ಯ ಸಭೆಯೇ ಒಂದು ಪಡೆ ಕಟ್ಟಿ ಕಳುಹಿಸಿತು. ನಮ್ಮ ಸೈನಿಕರೂ ಅದರಲ್ಲಿದ್ದರು. ಗಾಜಾ, ಸಿನಾಯ್ ಗಡಿಯಲ್ಲಿ ಹತ್ತು ವರ್ಷ ಕಾವಲು ನಡೆಯಿತು. ನುಸುಳುವಿಕೆ, ಪ್ರತೀಕಾರದ ದಾಳಿ ಬಹಳ ತಗ್ಗಿದವು. ಆದರೆ ಇಸ್ರೇಲ್ ತನ್ನ ನೆಲದಲ್ಲಿ ಪಡೆಗೆ ಜಾಗ ಕೊಡಲೇ ಇಲ್ಲ. ಪಡೆ ನಿಂತದ್ದು ಈಜಿಪ್ಟಿನ ಕಡೆ, ಈಜಿಪ್ಟಿನ ಒಪ್ಪಿಗೆಯ ಮೇಲೆ. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಹೊರಡಿ ಎಂದಿತು, ಮಹಾಕಾರ್ಯದರ್ಶಿ ಊ ಥಾಂಟ್ ಒಪ್ಪಿದರು. ಜೂನ್ 5ರಂದು ಯುದ್ಧ ಶುರುವಾಯಿತು. ಇನ್ನೂ ಹೊರಡದೆ ಉಳಿದಿದ್ದ ಭಾರತೀಯ ಸೈನಿಕರಲ್ಲಿ ಕೆಲವರು ಗಾಜಾದಲ್ಲಿ ಪ್ರಾಣ ಕಳೆದುಕೊಂಡರು.

ನಾನಿದ್ದ ಗಡಿಯಲ್ಲೂ ಎರಿಟ್ರಿಯ 2005ರ ಅಕ್ಟೋಬರಿನಲ್ಲಿ ನಮ್ಮ ಹೆಲಿಕಾಪ್ಟರ್ ಹಾರಾಟ ನಿಷೇಧಿಸಿತು. ಗುಡ್ಡದ ಆಚೆ ಸೇನೆ ಜಮಾಯಿಸುತ್ತಿದೆಯೇ ಎಂದು ನೋಡಲು ಜೀಪು ಹೋಗುವಷ್ಟು ದಾರಿಯೇ ನಮಗೆ ಉಳಿದದ್ದು. ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ ಕಲ್ಲುದಾರಿಯಲ್ಲಿ. ಯುದ್ಧವೇ ಬೇಕು ಎನ್ನುವವನನ್ನು ನಾವು ತಡೆಯಲಾರೆವು. ಯುದ್ಧ ಸಾಕಾಗಿದೆ, ಆದರೆ ಎದುರಾಳಿಯನ್ನು ನಂಬಲಾರೆ ಎನ್ನುವ ಇಬ್ಬರ ನಡುವೆ ನಮಗೆ ಕೆಲಸವಿದೆ. ಗಾಯಾಳುಗಳನ್ನು ಯಾರ ಹೆಲಿಕಾಪ್ಟರ್ ಒಯ್ಯುತ್ತದೆ, ಅದಕ್ಕೆ ಯಾರ ಅನುಮತಿ ಬೇಕು ಎಂದು ನಿಮ್ಮ ಮಗ ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಲಿ.

ಮಂಗಳೂರಿನ ಸದಸ್ಯ: ಅಂದರೆ ಹತ್ತು ವರ್ಷದ ಖರ್ಚೆಲ್ಲ ದಂಡ.

ಧಾರವಾಡದ ಉಪನ್ಯಾಸಕಿ: ಹತ್ತು ವರ್ಷ ದೊಡ್ಡ ಯುದ್ಧವಾಗದೆ ಇದ್ದದ್ದು ದಂಡವೇ? ಆಫ್ರಿಕಾದ ಚಾಡ್ ದೇಶದ ಉತ್ತರ ಗಡಿಯ ಆವೋಜೂ ಎಂಬ ನೆಲದ ಪಟ್ಟಿಯನ್ನು ಲಿಬಿಯ 1973ರಿಂದ ಹಿಡಿದುಕೊಂಡಿತ್ತು. 1994ರಲ್ಲಿ ಹೇಗ್‌ನಲ್ಲಿರುವ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ ಅದು ಚಾಡ್‌ನದು ಎಂದಿತು, ಲಿಬಿಯ ಬಿಟ್ಟುಹೋಯಿತು.

ಮಂಗಳೂರಿನ ಸದಸ್ಯ: 1987ರಲ್ಲೇ ಚಾಡ್ ಲಿಬಿಯವನ್ನು ಹೊಡೆದು ಮಲಗಿಸಿತ್ತು. ನ್ಯಾಯಾಲಯಕ್ಕೆ ಏಕೆ ಹಾರ?

ಧಾರವಾಡದ ಉಪನ್ಯಾಸಕಿ: ಸೋತ ಮೇಲೂ ಏಳು ವರ್ಷ ಲಿಬಿಯದ ಸೈನಿಕರು ಆವೋಜೂ ಬಿಟ್ಟಿರಲಿಲ್ಲ. ಅರ್ಧ ಓದಿ ವಾದಕ್ಕೆ ಬರಬೇಡಿ.

ಕರ್ನಲ್: ಇಬ್ಬರ ಮಾತಿನಲ್ಲೂ ಹುರುಳಿದೆ. ಆ ವಾಪಸಾತಿಯನ್ನು ನೋಡಿ ಖಚಿತಪಡಿಸಲು ವಿಶ್ವಸಂಸ್ಥೆ ಕಳುಹಿಸಿದ್ದು ಒಂಬತ್ತೇ ಸೇನಾ ವೀಕ್ಷಕರನ್ನು. ಎರಡೂ ಕಡೆ ಒಪ್ಪಿದ್ದರಿಂದ ಒಂಬತ್ತು ಮಂದಿ ಸಾಕಾದರು.

ಮಡಿಕೇರಿಯ ಸದಸ್ಯ: ನಮ್ಮ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ 1965ರಲ್ಲಿ ತೀರಿಕೊಂಡರು. 1974ರಲ್ಲಿ ಟರ್ಕಿಯ ಸೇನೆ ಅಲ್ಲಿ ಇಳಿದಾಗ ಆ ಪಡೆ ಏನು ಮಾಡಿತು ಸರ್?

ಶಿವಮೊಗ್ಗದ ಸದಸ್ಯ: ಬಂದ ಸಂದೇಶ: “ವೀಟೊ ರದ್ದಾದರೆ ಒಂದೇ ದಿನದಲ್ಲಿ ಎಲ್ಲ ಯುದ್ಧ ನಿಲ್ಲುತ್ತದೆ. ಹತ್ತು ಗುಂಪುಗಳಿಗೆ ಕಳುಹಿಸಿ.”

ಕರ್ನಲ್: ಒಂದು ಗುಂಪಿಗೂ ಕಳುಹಿಸಬೇಡಿ. ವೀಟೊ ತೆಗೆಯಲು ವಿಶ್ವಸಂಸ್ಥೆಯ ಮೂಲ ನಿಯಮಗಳ ಸನ್ನದು ತಿದ್ದಬೇಕು, ಅದಕ್ಕೆ ಆ ಐದೂ ದೇಶಗಳ ಒಪ್ಪಿಗೆ ಬೇಕು. ವಿಶ್ವಸಂಸ್ಥೆಗೆ ಸ್ವಂತ ಸೇನೆಯೂ ಇಲ್ಲ. ಇಂತಹ ಸಂದೇಶ ನಂಬಿದ ಜನ ನಾಳೆ ಯುದ್ಧ ನಿಲ್ಲದಿದ್ದಾಗ ಇದ್ದ ವೀಕ್ಷಕರನ್ನೂ ಕರೆಸಿಕೊಳ್ಳಿ ಎನ್ನುತ್ತಾರೆ. ಗಡಿಯಲ್ಲಿ ನಿಂತವನಿಗೆ ಅದು ಅಪಾಯ.

ಹಾಸನದ ಸದಸ್ಯ: ವೀಟೊ ತೆಗೆಯಬಾರದೇಕೆ?

ಕರ್ನಲ್: ಮೇಲೆ ಬರೆದಿದ್ದೇನೆ.

ಮಂಗಳೂರಿನ ಸದಸ್ಯ: ಉಪನ್ಯಾಸಕಿಯವರು ಪಾಠವನ್ನು ತರಗತಿಯಲ್ಲಿ ಮಾಡಲಿ.

ಧಾರವಾಡದ ಉಪನ್ಯಾಸಕಿ: ತರಗತಿಯಲ್ಲಾದರೆ ನಿಮ್ಮನ್ನು ಹೊರಗೆ ನಿಲ್ಲಿಸುತ್ತಿದ್ದೆ.

ನಿರ್ವಾಹಕ: ಇಬ್ಬರೂ ಸಾಕು ಮಾಡಿ.

ಕಲಬುರಗಿಯ ಸದಸ್ಯ: ವಿಶ್ವಸಂಸ್ಥೆಯಲ್ಲಿ ಕೆಲಸಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ?

ಬೆಳಗಾವಿಯ ಸದಸ್ಯೆ: ಸರ್, ಹೆಲಿಕಾಪ್ಟರ್ ವಿಚಾರ ಮಗನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ಅವನು ಹೋಗುತ್ತಿರುವುದು...

ಕರ್ನಲ್: ದೇಶದ ಹೆಸರು, ದಿನಾಂಕ ಇಲ್ಲಿ ಬರೆಯಬೇಡಿ ತಾಯಿ. ಇಂದು ರಾತ್ರಿಯೇ ಅವನು ನನಗೆ ಫೋನ್ ಮಾಡಲಿ.