ಡಬ್ಲ್ಯೂ, ಝಡ್ ಬೋಸಾನ್‌ಗಳ ಸ್ವಯಂಕ್ರಿಯೆ: ಕಣ್ಣಿಗೆ ಬೀಳದ ಸಂಧಿಯನ್ನು ಪರೀಕ್ಷಿಸಿದ್ದೇವೆ ಎನ್ನುವುದು ಯಾವ ಅರ್ಥದಲ್ಲಿ?

ಪ್ರಶ್ನೆ

ಫೋಟಾನಿಗೆ ವಿದ್ಯುದಾವೇಶವಿಲ್ಲದ ಕಾರಣ ಒಂದು ಫೋಟಾನ್ ಇನ್ನೊಂದರೊಡನೆ ನೇರವಾಗಿ ಕ್ರಿಯೆ ನಡೆಸುವುದಿಲ್ಲ. ಡಬ್ಲ್ಯೂ ಮತ್ತು ಝಡ್ ಬೋಸಾನ್‌ಗಳ ಸಂಗತಿ ಹಾಗಲ್ಲ. ಅವು ಹೊತ್ತೊಯ್ಯುವ ದುರ್ಬಲ ಬಲಕ್ಕೆ ಅವೇ ಒಳಗಾಗುತ್ತವೆ. ಆದ್ದರಿಂದ ಮೂರು ಬೋಸಾನ್‌ಗಳು ಅಥವಾ ನಾಲ್ಕು ಬೋಸಾನ್‌ಗಳು ಒಂದೇ ಬಿಂದುವಿನಲ್ಲಿ ಕೂಡುವ ಸಂಧಿಗಳು ಇರಲೇಬೇಕೆಂದು ಸಿದ್ಧಾಂತ ಹೇಳುತ್ತದೆ. ಅಷ್ಟೇ ಅಲ್ಲ, ಆ ಸಂಧಿಗಳ ಬಲವೆಷ್ಟು ಎಂಬುದನ್ನೂ, ಡಬ್ಲ್ಯೂ ಬೋಸಾನ್ ಎಲೆಕ್ಟ್ರಾನಿನೊಡನೆ ಬೆಸೆದುಕೊಳ್ಳುವ ಅದೇ ಸಂಖ್ಯೆಗಳಿಂದ ನಿಗದಿಪಡಿಸುತ್ತದೆ. ಇಲ್ಲಿಯವರೆಗೆ ನನಗೆ ಅರ್ಥವಾಗಿದೆ.

ನನ್ನ ಸಂದೇಹ ಪ್ರಯೋಗದ ಕಡೆಯದು. ಡಿಟೆಕ್ಟರಿನಲ್ಲಿ ಕಾಣುವುದು ಡಬ್ಲ್ಯೂ ಅಥವಾ ಝಡ್ ಕ್ಷಯಿಸಿದ ಮೇಲೆ ಉಳಿದ ಎಲೆಕ್ಟ್ರಾನ್, ಮ್ಯೂಆನ್ ಮತ್ತು ಜೆಟ್‌ಗಳು (ಕ್ವಾರ್ಕ್‌ಗಳಿಂದ ಹೊಮ್ಮುವ ಕಣಗಳ ಗೊಂಚಲುಗಳು) ಮಾತ್ರ. ಎರಡು ಡಬ್ಲ್ಯೂ ಬೋಸಾನ್‌ಗಳು ಹುಟ್ಟಿದ ಮಾತ್ರಕ್ಕೆ ಅವು ತ್ರಿಬೋಸಾನ್ ಸಂಧಿಯ ಮೂಲಕವೇ ಹುಟ್ಟಿದವು ಎನ್ನಲಾಗದು, ಏಕೆಂದರೆ ಅದೇ ಅಂತಿಮ ಸ್ಥಿತಿಗೆ ಸ್ವಯಂಕ್ರಿಯೆಯಿಲ್ಲದ ದಾರಿಯೂ ಇದೆ. ಕ್ವಾಂಟಂ ನಿಯಮದಂತೆ ದಾರಿಗಳ ಆಂಪ್ಲಿಟ್ಯೂಡ್‌ಗಳು (ವರ್ಗಿಸಿದಾಗ ಸಂಭವನೀಯತೆ ಕೊಡುವ ಸಂಖ್ಯೆಗಳು) ಮೊದಲು ಕೂಡಿ ಬಳಿಕ ವರ್ಗಗೊಳ್ಳುವುದರಿಂದ, ಇದು ಈ ದಾರಿಯ ಘಟನೆ, ಅದು ಆ ದಾರಿಯ ಘಟನೆ ಎಂದು ಬೇರ್ಪಡಿಸುವುದಕ್ಕೆ ಅರ್ಥವೇ ಇಲ್ಲ. ಹೀಗಿರುವಾಗ ಸ್ವಯಂಕ್ರಿಯೆಯನ್ನು ಪರೀಕ್ಷಿಸಲಾಗಿದೆ ಎಂಬ ಮಾತಿನ ತಿರುಳೇನು?

ಮೊದಲ ಉತ್ತರ

ನಿಮ್ಮ ಆಕ್ಷೇಪವನ್ನು ತಿರುಗಿಸಿ ನೋಡಿದರೆ ಅದೇ ಉತ್ತರವಾಗುತ್ತದೆ. ದಾರಿಗಳನ್ನು ಬೇರ್ಪಡಿಸಲಾಗದು ಎಂಬುದು ಇಲ್ಲಿ ಅಡ್ಡಿಯಲ್ಲ, ಅಳತೆಗೆ ಸಿಕ್ಕುವುದೇ ಅದು.

ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯಾಗಿ ಎರಡು ಡಬ್ಲ್ಯೂ ಬೋಸಾನ್‌ಗಳು ಹುಟ್ಟುವ ಪ್ರಕ್ರಿಯೆಯನ್ನು ತೆಗೆದುಕೊಳ್ಳಿ. ಮುಖ್ಯ ದಾರಿಗಳು ಮೂರು. ಮೊದಲನೆಯದರಲ್ಲಿ ಎಲೆಕ್ಟ್ರಾನ್ ಒಂದು ಡಬ್ಲ್ಯೂವನ್ನು ಹೊರಸೂಸಿ ನ್ಯೂಟ್ರಿನೊ ಆಗುತ್ತದೆ, ಆ ನ್ಯೂಟ್ರಿನೊ ಪಾಸಿಟ್ರಾನಿನೊಡನೆ ಸೇರಿ ಇನ್ನೊಂದು ಡಬ್ಲ್ಯೂ ಆಗುತ್ತದೆ. ಇಲ್ಲಿ ಸ್ವಯಂಕ್ರಿಯೆಯ ಸುಳಿವಿಲ್ಲ. ಉಳಿದೆರಡರಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಲಯವಾಗಿ ಫೋಟಾನ್ ಅಥವಾ ಝಡ್ ಹುಟ್ಟಿ, ಅದು ಎರಡು ಡಬ್ಲ್ಯೂಗಳಾಗಿ ಕವಲೊಡೆಯುತ್ತದೆ. ಮೊದಲ ದಾರಿಯೊಂದೇ ಇದ್ದಿದ್ದರೆ ಕ್ರಾಸ್ ಸೆಕ್ಷನ್ (ಪ್ರಕ್ರಿಯೆ ನಡೆಯುವ ಸಾಧ್ಯತೆಯ ಅಳತೆ) ಶಕ್ತಿಯೊಡನೆ ಏರುತ್ತಲೇ ಹೋಗಿ, ಕೊನೆಗೆ ಸಂಭವನೀಯತೆಯ ಮಿತಿಯನ್ನೇ ಮೀರಿಬಿಡುತ್ತಿತ್ತು. ಫೋಟಾನಿನ ದಾರಿಯನ್ನು ಮಾತ್ರ ಸೇರಿಸಿದರೂ ಆ ಏರಿಕೆ ನಿಲ್ಲದು. ಝಡ್ ದಾರಿಯೂ ಸರಿಯಾದ ಬಲದೊಡನೆ, ಸರಿಯಾದ ಚಿಹ್ನೆಯೊಡನೆ ಸೇರಿದಾಗ ಮಾತ್ರ ಏರುವ ಭಾಗಗಳು ಒಂದನ್ನೊಂದು ರದ್ದುಮಾಡಿ, ಕ್ರಾಸ್ ಸೆಕ್ಷನ್ ಚಪ್ಪಟೆಯಾಗಿ, ಮುಂದೆ ಇಳಿಯತೊಡಗುತ್ತದೆ.

ಸರ್ನ್‌ನ 27 ಕಿಲೋಮೀಟರ್ ಸುರಂಗದಲ್ಲಿದ್ದ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿಗೊಳಿಸುತ್ತಿದ್ದ ಲೆಪ್ ಯಂತ್ರ 1996ರಲ್ಲಿ 161 ಜಿಇವಿ (ಒಂದು ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಗೆ ಏರಿತು. ಡಬ್ಲ್ಯೂವಿನ ದ್ರವ್ಯರಾಶಿ ಸುಮಾರು 80.4 ಜಿಇವಿ ಆದುದರಿಂದ ಅದು ಜೋಡಿ ಹುಟ್ಟಲು ಬೇಕಾದ ಹೊಸ್ತಿಲು. ಹೊಸ್ತಿಲಲ್ಲಿ ನ್ಯೂಟ್ರಿನೊ ದಾರಿಯದೇ ಪ್ರಾಬಲ್ಯವಿರುವುದರಿಂದ ಅಲ್ಲಿ ಸ್ವಯಂಕ್ರಿಯೆಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಆದರೆ 2000ನೇ ಇಸವಿಯ ಹೊತ್ತಿಗೆ ಶಕ್ತಿ 209 ಜಿಇವಿ ಮುಟ್ಟಿದಾಗ ನ್ಯೂಟ್ರಿನೊ ದಾರಿ ಮಾತ್ರ, ಅದಕ್ಕೆ ಫೋಟಾನ್ ದಾರಿ ಸೇರಿದ್ದು, ಝಡ್ ದಾರಿಯೂ ಸೇರಿದ್ದು ಎಂಬ ಮೂರು ಲೆಕ್ಕಗಳ ನಡುವೆ ದೊಡ್ಡ ಅಂತರ ಬಿದ್ದಿತ್ತು. ಅಲೆಫ್, ಡೆಲ್ಫಿ, ಎಲ್3 ಮತ್ತು ಓಪಲ್ ಪ್ರಯೋಗಗಳು ಕೂಡಿ ಅಳೆದ ಬೆಲೆ 200 ಜಿಇವಿಯ ಸುತ್ತ ಸುಮಾರು 17 ಪಿಕೋಬಾರ್ನ್ (ಕ್ರಾಸ್ ಸೆಕ್ಷನ್‌ನ ಮಾನ). ಮೂರೂ ದಾರಿಗಳನ್ನು ಸೇರಿಸಿದ ಲೆಕ್ಕಕ್ಕೆ ಇದು ಶೇಕಡ 1ರ ಆಸುಪಾಸಿನ ನಿಖರತೆಯಲ್ಲಿ ಹೊಂದಿತು. ಝಡ್ ಸಂಧಿಯನ್ನು ಬಿಟ್ಟ ಲೆಕ್ಕ ಅಳತೆಯ ಬಿಂದುಗಳಿಂದ ಬಹಳ ಮೇಲೆ ಉಳಿದುಬಿಟ್ಟಿತು. ಏನು ಸಂಭವಿಸಲಿಲ್ಲವೋ ಅದೇ ಇಲ್ಲಿ ಸಾಕ್ಷ್ಯ. ನಾನು ನೋಡಿರುವ ಕಣಭೌತವಿಜ್ಞಾನದ ಚಿತ್ರಗಳಲ್ಲಿ ಈ ಮೂರು ಲೆಕ್ಕಗಳ ಗೆರೆಗಳನ್ನು ತೋರಿಸುವ ಚಿತ್ರದಷ್ಟು ಮನವರಿಕೆ ಮಾಡಿಕೊಡುವುದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಉತ್ತರ

ಮೇಲಿನ ಉತ್ತರಕ್ಕೆ ಸಂಖ್ಯೆಗಳ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಸಂಧಿ ಇದೆ ಅಥವಾ ಇಲ್ಲ ಎಂಬ ಎರಡೇ ಆಯ್ಕೆಗಳ ಪರೀಕ್ಷೆಯಲ್ಲ ಇದು. ಸಂಧಿಯ ರೂಪವನ್ನೇ ಸಡಿಲಗೊಳಿಸಿ, ಅದರ ಗುಣಾಂಕಗಳನ್ನು ದತ್ತಾಂಶದಿಂದಲೇ ಅಳೆಯಲಾಗುತ್ತದೆ. ವಾಡಿಕೆಯಲ್ಲಿ ಇವುಗಳನ್ನು ಝಡ್‌ನ ಜಿ-ಒಂದು, ಕಪ್ಪಾ, ಲ್ಯಾಂಬ್ಡಾ ಎಂದು ಕರೆಯುತ್ತಾರೆ. ಕಣಭೌತವಿಜ್ಞಾನದ ಒಪ್ಪಿತ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್‌ನ ಮೊದಲ ಹಂತದ ಲೆಕ್ಕದಲ್ಲಿ ಜಿ-ಒಂದು ಮತ್ತು ಕಪ್ಪಾಗಳ ಬೆಲೆ 1, ಲ್ಯಾಂಬ್ಡಾದ ಬೆಲೆ 0. ಇವು ಬರಿಯ ಗಣಿತದ ಚಿಹ್ನೆಗಳಲ್ಲ: ಡಬ್ಲ್ಯೂವಿನ ಕಾಂತೀಯ ಮೊಮೆಂಟ್ 1 + ಕಪ್ಪಾ + ಲ್ಯಾಂಬ್ಡಾ ಎಂಬ ಮೊತ್ತಕ್ಕೂ, ಅದರ ವಿದ್ಯುತ್ ಕ್ವಾಡ್ರುಪೋಲ್ ಮೊಮೆಂಟ್ ಕಪ್ಪಾದಿಂದ ಲ್ಯಾಂಬ್ಡಾವನ್ನು ಕಳೆದ ಬೆಲೆಗೂ ಅನುಪಾತದಲ್ಲಿರುತ್ತವೆ. ಕ್ಷಣಮಾತ್ರವೂ ಬದುಕದ ಕಣವೊಂದರ ಕಾಂತೀಯ ಗುಣವನ್ನು ಅದು ಹುಟ್ಟುವ ರೀತಿಯಿಂದ ಅಳೆಯುತ್ತೇವೆಂಬುದು ನನಗೆ ಇಂದಿಗೂ ಸೋಜಿಗ.

ಲೆಪ್‌ನಲ್ಲಿ ಒಟ್ಟು ಕ್ರಾಸ್ ಸೆಕ್ಷನ್ ಜೊತೆಗೆ ಕೋನಗಳನ್ನೂ ಬಳಸಿದರು. ಒಂದು ಡಬ್ಲ್ಯೂ ಜೆಟ್‌ಗಳಾಗಿ, ಇನ್ನೊಂದು ಲೆಪ್ಟಾನ್ ಮತ್ತು ನ್ಯೂಟ್ರಿನೊ ಆಗಿ ಕ್ಷಯಿಸುವ ಘಟನೆಗಳು ಶೇಕಡ 44ರಷ್ಟಿರುತ್ತವೆ. ಲೆಪ್ಟಾನಿನ ಆವೇಶದಿಂದ ಯಾವುದು ಧನ ಡಬ್ಲ್ಯೂ, ಯಾವುದು ಋಣ ಡಬ್ಲ್ಯೂ ಎಂದು ಗೊತ್ತಾಗುವುದರಿಂದ ಇವು ಹೆಚ್ಚು ಉಪಯುಕ್ತ. ಹುಟ್ಟಿನ ಕೋನವೊಂದು, ಎರಡು ಕ್ಷಯಗಳ ಕೋನಗಳು ನಾಲ್ಕು, ಹೀಗೆ ಐದು ಕೋನಗಳಲ್ಲಿ ಧ್ರುವೀಕರಣದ ಮಾಹಿತಿ ಅಡಗಿರುತ್ತದೆ. ಫಲಿತಾಂಶವಾಗಿ ಜಿ-ಒಂದು ಸುಮಾರು ಶೇಕಡ 2ರ, ಫೋಟಾನಿನ ಕಪ್ಪಾ ಸುಮಾರು ಶೇಕಡ 4ರ ಅನಿಶ್ಚಿತತೆಯೊಳಗೆ 1ಕ್ಕೆ ಹೊಂದಿದವು.

ಪ್ರೋಟಾನಿನಂಥ ಕಣಗಳನ್ನು ಡಿಕ್ಕಿಗೊಳಿಸುವ ಹ್ಯಾಡ್ರಾನ್ ಯಂತ್ರಗಳಲ್ಲಿ ಇನ್ನೊಂದು ಬಗೆಯ ಗುರುತಿದೆ. ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಸೇರಿ ಡಬ್ಲ್ಯೂ ಜೊತೆಗೆ ಫೋಟಾನ್ ಹುಟ್ಟುವಾಗ, ಕೊಸೈನ್‌ನ ಪರಿಮಾಣ 1/3 ಆಗುವ ಒಂದು ಕೋನದಲ್ಲಿ ಮೊದಲ ಹಂತದ ಆಂಪ್ಲಿಟ್ಯೂಡ್ ಪೂರ್ತಿ ಶೂನ್ಯವಾಗುತ್ತದೆ. ಕ್ವಾರ್ಕ್‌ಗಳಿಂದ ಹೊಮ್ಮುವ ಫೋಟಾನ್ ಮತ್ತು ಡಬ್ಲ್ಯೂವಿನಿಂದಲೇ ಹೊಮ್ಮುವ ಫೋಟಾನ್ ಅಲ್ಲಿ ಪರಸ್ಪರ ಅಳಿಸಿಕೊಳ್ಳುತ್ತವೆ. ಕಪ್ಪಾ 1 ಆಗಿಲ್ಲದಿದ್ದರೆ ಆ ಸೊನ್ನೆ ತುಂಬಿಕೊಳ್ಳುತ್ತದೆ. 1.96 ಟಿಇವಿ (ಒಂದು ಟಿಇವಿ ಎಂದರೆ 1000 ಜಿಇವಿ) ಶಕ್ತಿಯ, ಪ್ರೋಟಾನ್ ಮತ್ತು ಪ್ರತಿಪ್ರೋಟಾನ್‌ಗಳು ಡಿಕ್ಕಿಯಾಗುತ್ತಿದ್ದ ಟೆವಟ್ರಾನ್‌ನಲ್ಲಿ ಡಿ-ಝೀರೊ ಪ್ರಯೋಗ 2008ರಲ್ಲಿ ಈ ತಗ್ಗಿನ ಅಧ್ಯಯನವನ್ನು ಪ್ರಕಟಿಸಿತು. ಪ್ರೋಟಾನ್‌ಗಳೇ ಪರಸ್ಪರ ಡಿಕ್ಕಿಯಾಗುವ ಸರ್ನ್‌ನ ಎಲ್‌ಎಚ್‌ಸಿಯಲ್ಲಿ ಕ್ವಾರ್ಕ್ ಯಾವ ಕಡೆಯಿಂದ ಬಂತೆಂದು ಮೊದಲೇ ತಿಳಿಯದು, ಜೊತೆಗೆ ಹೆಚ್ಚುವರಿ ಜೆಟ್‌ಗಳು ತಗ್ಗನ್ನು ಮಸುಕುಗೊಳಿಸುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರದ್ದತಿಯೇ ಅಳತೆ ಎಂಬುದು ಈಗ ಸ್ಪಷ್ಟವಾಯಿತು. ಆದರೆ ಎಲ್‌ಎಚ್‌ಸಿಯ ಪ್ರಬಂಧಗಳಲ್ಲಿ ಕಪ್ಪಾ, ಲ್ಯಾಂಬ್ಡಾಗಳಿಗೆ ಬದಲಾಗಿ ಆರನೆಯ ಆಯಾಮದ ಆಪರೇಟರ್‌ಗಳ (ಸಿದ್ಧಾಂತಕ್ಕೆ ಸೇರಿಸುವ ಹೊಸ ಕ್ರಿಯೆಯ ಪದಗಳ) ಗುಣಾಂಕಗಳು ಕಾಣುತ್ತವೆ, ಮತ್ತು ಮಿತಿಗಳೆಲ್ಲವೂ ಅತಿ ಹೆಚ್ಚು ಅಡ್ಡ ಸಂವೇಗದ (ಕಿರಣಕ್ಕೆ ಲಂಬವಾದ ಸಂವೇಗದ) ಬಾಲದಲ್ಲಿನ ಕೆಲವೇ ಘಟನೆಗಳಿಂದ ಬರುವಂತೆ ತೋರುತ್ತದೆ. ಇದರಲ್ಲಿ ಊಹೆಯ ಪಾಲು ಎಷ್ಟು?

ಮೂರನೆಯ ಉತ್ತರ

ಪಾಲು ಸಣ್ಣದಲ್ಲ. ಅದನ್ನು ಮುಚ್ಚಿಡದೆ ಹೇಳುವುದೇ ಲೇಸು.

ಸ್ಥಿರ ಬೆಲೆಯ ಅಸಹಜ ಕಪ್ಪಾ ಅಥವಾ ಲ್ಯಾಂಬ್ಡಾವನ್ನು ಇಟ್ಟುಕೊಂಡರೆ ರದ್ದತಿ ಕೆಡುತ್ತದೆ, ಶಕ್ತಿ ಹೆಚ್ಚಿದಂತೆ ಲೆಕ್ಕವೇ ಅಸಂಬದ್ಧವಾಗುತ್ತದೆ. ಹಿಂದೆ ಇದನ್ನು ತಡೆಯಲು ಶಕ್ತಿಯೊಡನೆ ಕುಗ್ಗುವ ಒಂದು ಗುಣಕವನ್ನು ಕೈಯಾರೆ ಹಾಕುತ್ತಿದ್ದರು. ಅದರ ಆಯ್ಕೆ ಬದಲಾದರೆ ಮಿತಿಯೂ ಬದಲಾಗುತ್ತಿತ್ತು. ಪರಿಣಾಮಕಾರಿ ಕ್ಷೇತ್ರ ಸಿದ್ಧಾಂತದ ಭಾಷೆಯಲ್ಲಿ ಹೊಸ ಭೌತವಿಜ್ಞಾನ ಯಾವುದೋ ಎತ್ತರದ ಶಕ್ತಿಯಲ್ಲಿದೆಯೆಂದೂ, ಅದರ ನೆರಳು ಗೇಜ್ ಸಮ್ಮಿತಿಯನ್ನು ಪಾಲಿಸುವ ಆಪರೇಟರ್‌ಗಳ ರೂಪದಲ್ಲಿ ಕೆಳಗೆ ಬೀಳುತ್ತದೆಯೆಂದೂ ಭಾವಿಸುತ್ತೇವೆ. ಸಮ್ಮಿತಿಯ ಕಟ್ಟುಪಾಡಿನಿಂದಾಗಿ ಝಡ್‌ನ ಲ್ಯಾಂಬ್ಡಾವೂ ಫೋಟಾನಿನ ಲ್ಯಾಂಬ್ಡಾವೂ ಸಮವಾಗಬೇಕೆಂಬಂಥ ಸಂಬಂಧಗಳು ತಾವಾಗಿಯೇ ಬರುತ್ತವೆ.

ತೊಡಕು ಇರುವುದು ವರ್ಗದ ಪದದಲ್ಲಿ. ಆರನೆಯ ಆಯಾಮದ ಆಪರೇಟರ್ ಸ್ಟ್ಯಾಂಡರ್ಡ್ ಮಾಡೆಲ್‌ನೊಡನೆ ವ್ಯತಿಕರಣಗೊಂಡು ಕೊಡುವ ಕಾಣಿಕೆ ಹೊಸ ಶಕ್ತಿಮಾನದ ವರ್ಗಕ್ಕೆ ವಿಲೋಮವಾಗಿರುತ್ತದೆ. ಅದೇ ಆಪರೇಟರಿನ ವರ್ಗದ ಕಾಣಿಕೆ ನಾಲ್ಕನೆಯ ಘಾತಕ್ಕೆ ವಿಲೋಮ, ಎಂಟನೆಯ ಆಯಾಮದ ಆಪರೇಟರ್‌ಗಳ ವ್ಯತಿಕರಣವೂ ಅಷ್ಟೇ ಗಾತ್ರದ್ದು. ಬಾಲದಿಂದ ಬಂದ ಮಿತಿ ವರ್ಗದ ಪದವನ್ನೇ ನೆಚ್ಚಿಕೊಂಡಿದ್ದರೆ, ನಾವು ಕೈಬಿಟ್ಟ ಎಂಟನೆಯ ಆಯಾಮದ ಪದಗಳು ಚಿಕ್ಕವೆಂದು ಹೇಳುವ ಅಧಿಕಾರ ನಮಗಿಲ್ಲ. ಮೂರು ಡಬ್ಲ್ಯೂ ಕ್ಷೇತ್ರಗಳಿಂದ ಕಟ್ಟಿದ, ಲ್ಯಾಂಬ್ಡಾಕ್ಕೆ ಮೂಲವಾದ ಆಪರೇಟರಿನಲ್ಲಿ ಈ ತೊಡಕು ತೀವ್ರವಾಗಿದೆ: ಹೆಚ್ಚಿನ ಶಕ್ತಿಯಲ್ಲಿ ಅದು ಎರಡು ಬೋಸಾನ್‌ಗಳನ್ನು ಒಂದೇ ಹೆಲಿಸಿಟಿಯಲ್ಲಿ (ಚಲನೆಯ ದಿಕ್ಕಿಗೆ ಸ್ಪಿನ್ ಹೊಂದಿರುವ ಬಗೆ) ಹುಟ್ಟಿಸಿದರೆ, ಸ್ಟ್ಯಾಂಡರ್ಡ್ ಮಾಡೆಲ್ ವಿರುದ್ಧ ಹೆಲಿಸಿಟಿಯಲ್ಲಿ ಹುಟ್ಟಿಸುತ್ತದೆ. ಹೀಗಾಗಿ ಒಟ್ಟು ಎಣಿಕೆಯಲ್ಲಿ ವ್ಯತಿಕರಣ ಬಹುಮಟ್ಟಿಗೆ ಮಾಯವಾಗುತ್ತದೆ. ಆದರೆ ಅದು ನಿಜವಾಗಿ ಕಳೆದುಹೋಗಿಲ್ಲ. ಕ್ಷಯದ ಕಣಗಳು ಹುಟ್ಟಿನ ಸಮತಲಕ್ಕೆ ಎಷ್ಟು ತಿರುಗಿವೆ ಎಂಬ ಕೋನವನ್ನು ಬಿಡಿಬಿಡಿಯಾಗಿ ಅಳೆದರೆ, ಒಂದು ಕಡೆ ಹೆಚ್ಚಳ, ಇನ್ನೊಂದು ಕಡೆ ಇಳಿಕೆ ಎಂಬ ರೂಪದಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಡಬ್ಲ್ಯೂ ಮತ್ತು ಫೋಟಾನ್ ಜೋಡಿಯಲ್ಲಿ ಎಲ್‌ಎಚ್‌ಸಿಯ ಸಿಎಂಎಸ್ ಪ್ರಯೋಗ ಈ ಉಪಾಯವನ್ನು ಬಳಸಿದೆ. ವ್ಯತಿಕರಣ ಮಾತ್ರ ಇಟ್ಟುಕೊಂಡ ಮಿತಿ ಮತ್ತು ವರ್ಗವನ್ನೂ ಸೇರಿಸಿದ ಮಿತಿ ಎರಡನ್ನೂ ಅಕ್ಕಪಕ್ಕದಲ್ಲಿ ಕೊಡುವ ಪ್ರಬಂಧವನ್ನು ನಾನು ಹೆಚ್ಚು ನಂಬುತ್ತೇನೆ.

ಬಾಲದಲ್ಲಿ ಇನ್ನೊಂದು ಎಚ್ಚರವೂ ಬೇಕು. ಅಡ್ಡ ಸಂವೇಗ ಟಿಇವಿ ಮಟ್ಟಕ್ಕೆ ಹೋದಾಗ ಎಲೆಕ್ಟ್ರೋವೀಕ್ ತಿದ್ದುಪಡಿಗಳೇ ಎಣಿಕೆಯನ್ನು ಹತ್ತಾರು ಶೇಕಡ ತಗ್ಗಿಸುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೊಸ ಕ್ರಿಯೆಯೊಂದರ ಹೆಚ್ಚಳ ಆ ಇಳಿಕೆಯೊಳಗೆ ಹೂತುಹೋಗಬಹುದು.

ನಾಲ್ಕನೆಯ ಉತ್ತರ

ಚತುರ್ಬೋಸಾನ್ ಸಂಧಿಯ ಮಾತು ಇನ್ನೂ ಬಂದಿಲ್ಲ. ಎರಡು ಕ್ವಾರ್ಕ್‌ಗಳು ಒಂದೊಂದು ಡಬ್ಲ್ಯೂವನ್ನು ಹೊರಸೂಸಿ, ಆ ಎರಡು ಡಬ್ಲ್ಯೂಗಳು ಒಂದರಿಂದೊಂದು ಚದುರುವ ಪ್ರಕ್ರಿಯೆಯಲ್ಲಿ ಅದು ಎದುರಾಗುತ್ತದೆ. ಒಂದೇ ಆವೇಶದ ಎರಡು ಲೆಪ್ಟಾನ್‌ಗಳು, ಜೊತೆಗೆ ಮುಂದಕ್ಕೊಂದು ಹಿಂದಕ್ಕೊಂದು ಚಿಮ್ಮಿದ ಎರಡು ಜೆಟ್‌ಗಳು ಇದರ ಗುರುತು. ಒಂದೇ ಆವೇಶದ ಜೋಡಿಯನ್ನು ಆರಿಸುವುದೇಕೆಂದರೆ ಪ್ರಬಲ ಬಲದಿಂದ ಬರುವ ಹಿನ್ನೆಲೆ ಅಲ್ಲಿ ಬಹಳ ಕಡಿಮೆ. 8 ಟಿಇವಿಯ ದತ್ತಾಂಶದಲ್ಲಿ ಎಲ್‌ಎಚ್‌ಸಿಯ ಅಟ್ಲಾಸ್ ಪ್ರಯೋಗ 2014ರಲ್ಲಿ ಮೊದಲ ಪುರಾವೆಯನ್ನು ಕೊಟ್ಟಿತು. 13 ಟಿಇವಿಯಲ್ಲಿ ಸಿಎಂಎಸ್ 5.5 ಸಿಗ್ಮಾ (ಆಕಸ್ಮಿಕವಲ್ಲವೆಂಬ ಖಚಿತತೆಯ ಅಳತೆ) ಮಟ್ಟದಲ್ಲಿ ಅದನ್ನು ದೃಢಪಡಿಸಿತು. ಎರಡು ಫೋಟಾನ್‌ಗಳಿಂದ ಡಬ್ಲ್ಯೂ ಜೋಡಿ ಹುಟ್ಟುವುದನ್ನು ಅಟ್ಲಾಸ್ 2020ರಲ್ಲಿ 8.4 ಸಿಗ್ಮಾದೊಡನೆ ಕಂಡಿತು. ಅಲ್ಲಿ ಎಲೆಕ್ಟ್ರಾನ್ ಮತ್ತು ಮ್ಯೂಆನ್ ಹೊರಟ ಬಿಂದುವಿನಿಂದ ಬೇರೆ ಯಾವ ಜಾಡೂ ಹೊರಡದಿರುವುದೇ ಆಯ್ಕೆಯ ಮುಖ್ಯ ಸೂತ್ರ. ಪ್ರತಿ ಸಲ ಹತ್ತಾರು ಡಿಕ್ಕಿಗಳು ಒಟ್ಟಿಗೇ ನಡೆಯುವ ಯಂತ್ರದಲ್ಲಿ ಇದು ಸುಲಭದ ಕೆಲಸವಲ್ಲ.

ಇಲ್ಲಿಯೂ ಮೊದಲ ಉತ್ತರದ ತರ್ಕವೇ, ಆದರೆ ಒಂದು ಮೆಟ್ಟಿಲು ಹೆಚ್ಚು. ಉದ್ದುದ್ದ ಧ್ರುವೀಕರಣದ (ಚಲನೆಯ ದಿಕ್ಕಿನಲ್ಲೇ ಧ್ರುವೀಕರಣಗೊಂಡ) ಡಬ್ಲ್ಯೂಗಳು ಚದುರುವಾಗ ಒಂದೊಂದು ದಾರಿಯ ಆಂಪ್ಲಿಟ್ಯೂಡ್ ಶಕ್ತಿಯ ನಾಲ್ಕನೆಯ ಘಾತದಂತೆ ಏರುತ್ತದೆ. ತ್ರಿಬೋಸಾನ್ ಮತ್ತು ಚತುರ್ಬೋಸಾನ್ ಸಂಧಿಗಳು ಸೇರಿದರೆ ನಾಲ್ಕನೆಯ ಘಾತ ಅಳಿದು ವರ್ಗದ ಏರಿಕೆ ಉಳಿಯುತ್ತದೆ, ಅದನ್ನು ಅಳಿಸುವುದು ಹಿಗ್ಸ್ ಬೋಸಾನ್. ಹಿಗ್ಸ್ ಇಲ್ಲದಿದ್ದರೆ 1 ಟಿಇವಿಯ ಆಸುಪಾಸಿನಲ್ಲಿ ಏನಾದರೂ ಹೊಸತು ಕಾಣಲೇಬೇಕೆಂಬ ವಾದವನ್ನು ಲೀ, ಕ್ವಿಗ್ ಮತ್ತು ಥ್ಯಾಕರ್ 1977ರಲ್ಲಿಯೇ ಮುಂದಿಟ್ಟಿದ್ದರು. 2012ರಲ್ಲಿ ಸುಮಾರು 125 ಜಿಇವಿಯ ಹಿಗ್ಸ್ ಸಿಕ್ಕಿತು. ಅದು ಈ ರದ್ದತಿಯನ್ನು ಪೂರ್ತಿಯಾಗಿ ಮಾಡುತ್ತದೆಯೋ ಅಥವಾ ಕೊಂಚ ಬಾಕಿ ಉಳಿಸುತ್ತದೆಯೋ ಎಂಬುದನ್ನು ನೇರವಾಗಿ ನೋಡಬೇಕಾದರೆ ಎರಡೂ ಡಬ್ಲ್ಯೂಗಳು ಉದ್ದುದ್ದ ಧ್ರುವೀಕರಣದಲ್ಲಿರುವ ಘಟನೆಗಳನ್ನು ಬೇರ್ಪಡಿಸಬೇಕು. ಒಂದೇ ಆವೇಶದ ಜೋಡಿಗಳಲ್ಲಿ ಅಂಥವು ಹತ್ತರಲ್ಲಿ ಒಂದಕ್ಕಿಂತ ಕಡಿಮೆ, ಮತ್ತು ಎರಡು ನ್ಯೂಟ್ರಿನೊಗಳು ತಪ್ಪಿಸಿಕೊಳ್ಳುವುದರಿಂದ ಕೋನಗಳನ್ನು ನೇರವಾಗಿ ಕಟ್ಟಿಕೊಳ್ಳಲಾಗುವುದಿಲ್ಲ. ಎಲ್‌ಎಚ್‌ಸಿಯ ಎರಡನೆಯ ಓಟದಲ್ಲಿ ಸಿಕ್ಕ 140ರಷ್ಟು ವಿಲೋಮ ಫೆಮ್ಟೋಬಾರ್ನ್ (ಒಟ್ಟು ಡಿಕ್ಕಿಗಳ ಪ್ರಮಾಣದ ಮಾನ) ದತ್ತಾಂಶ ಇದಕ್ಕೆ ಸಾಲದು. ಹೆಚ್ಚಿನ ಪ್ರಕಾಶಮಾನತೆಯ ಎಲ್‌ಎಚ್‌ಸಿ ತನ್ನ ಗುರಿಯಾಗಿ ಇಟ್ಟುಕೊಂಡಿರುವ 3000 ವಿಲೋಮ ಫೆಮ್ಟೋಬಾರ್ನ್‌ಗಾಗಿ ಕಾಯಬೇಕಾಗಿದೆ.