ಕಿತ್ತಳೆ ವೈರಿನ ಪಂಚಾಯ್ತಿ

(ಮಡಿಕೇರಿಯ ಒಂದು ಸ್ಟುಡಿಯೋ. ಹೊರಗೆ ಕಕ್ಕಡದ ಮಳೆ. ಒಳಗೆ ಕಾಫಿಪುಡಿಯ ಪ್ಯಾಕೆಟ್ಟು, ಎರಡು ಸಾಫ್ಟ್‌ಬಾಕ್ಸು, ಬೆಲ್ಲದ ಕಾಫಿ, ಮೂರು ಜನ.)

ತೋಟದಣ್ಣ: ಅಲ್ಲ ಮಾರಾಯ, ಕ್ಯಾಮೆರಾವನ್ನ ಹೀಗೆ ವೈರಲ್ಲಿ ಕಟ್ಟಿ ಹಾಕಿದ್ದು ಯಾಕೆ? ಓಡಿ ಹೋಗ್ತದಾ?

ಸ್ಟುಡಿಯೋದವ: ಓಡಿ ಹೋಗೋದು ಗಿರಾಕಿ ಅಣ್ಣ. ಕ್ಯಾಮೆರಾದ ಮೂರಿಂಚು ಪರದೆಯಲ್ಲಿ ಎಲ್ಲಾ ಚೆಂದ ಕಾಣ್ತದೆ. ಆಮೇಲೆ ಕಂಪ್ಯೂಟರಲ್ಲಿ ನೋಡಿದ್ರೆ ಪ್ಯಾಕೆಟ್ಟಿನ ಮೇಲೆ ಲೈಟಿನ ಬಿಳಿ ಪಟ್ಟೆ, ಅಕ್ಷರ ಅರ್ಧ ಮಾಯ. ಲ್ಯಾಪ್‌ಟಾಪಿಗೆ ಕಟ್ಟಿದ್ರೆ ಕ್ಲಿಕ್ಕಿಸಿದ ಕೂಡಲೇ ದೊಡ್ಡದಾಗಿ ಬರ್ತದೆ. ಇದಕ್ಕೇ ಟೆದರಿಂಗ್ ಅನ್ನೋದು. ಮೂಲೆ ಮುದುಡಿದೆ ಅಂತ ನೀವು ಇಲ್ಲೇ ಕೂತು ಜಗಳ ಮಾಡಬಹುದು.

ತೋಟದಣ್ಣ: ಹಾಗಾದ್ರೆ ನನ್ನ ಫೋನ್ ಚಾರ್ಜರಿನ ವೈರ್ ತಗೋ. ತುದಿ ಅದೇ ತರ ಉಂಟಲ್ಲ.

ರಿಪೇರಿಯವ: ಎಡವೋದೇ ಅಲ್ಲಿ. ಟೈಪ್-ಸಿ ತುದಿ ನೋಡಿದ್ರೆ ಒಳಗೆ ಎಂಥ ಉಂಟು ಅಂತ ಗೊತ್ತಾಗೋದಿಲ್ಲ. ಫೋನ್ ಜೊತೆ ಬರುವ ಬಹಳಷ್ಟು ವೈರಲ್ಲಿ ಕರೆಂಟಿನ ತಂತಿ ದಪ್ಪ, ಡೇಟಾಕ್ಕೆ ಮಾತ್ರ ಯುಎಸ್‌ಬಿ 2ರ ಎರಡೇ ಎಳೆ. ಅಂದ್ರೆ ಸೆಕೆಂಡಿಗೆ 480 ಮೆಗಾಬಿಟ್, ಅದೂ ಕಾಗದದ ಮೇಲೆ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್, ಕೈಗೆ ಸಿಗೋದು ಸೆಕೆಂಡಿಗೆ 30ರಿಂದ 40 ಮೆಗಾಬೈಟ್. 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲೇ, ಅಂದ್ರೆ ತಿದ್ದದ ಮೂಲ ಚಿತ್ರವೇ, ಸುಮಾರು 50 ಮೆಗಾಬೈಟ್. ಲೆಕ್ಕ ಹಾಕಿ, ಒಂದೂವರೆ ಸೆಕೆಂಡು.

ತೋಟದಣ್ಣ: ಒಂದೂವರೆ ಸೆಕೆಂಡಲ್ಲಿ ನನ್ನ ಪ್ಯಾಕೆಟ್ಟು ಎದ್ದು ನಡೆಯೋದಿಲ್ಲ.

ಸ್ಟುಡಿಯೋದವ: ನಿಮ್ಮ ಪ್ಯಾಕೆಟ್ಟಿಗೆ ಅದು ಸಾಕು, ಸುಳ್ಳು ಹೇಳೋದಿಲ್ಲ. ಕುಪ್ಯ-ಚೇಲೆ ತೊಟ್ಟ ಮದುಮಗ ಬಂದು ನಿಂತಾಗ ಪಟಪಟ ಅಂತ ಹತ್ತು ಹೊಡೆದ್ರೆ ಹತ್ತನೆಯದು ಬರೋಕೆ ಕಾಲು ನಿಮಿಷ. ಅಷ್ಟರಲ್ಲಿ ಅವನ ನಗು ಒಣಗಿರ್ತದೆ. ಅದಕ್ಕೆ ಮೊದಲು ನೋಡಬೇಕಾದ್ದು ಕ್ಯಾಮೆರಾದ ತೂತು. ಕ್ಯಾನನ್ 5ಡಿ ಮಾರ್ಕ್ 3 ಆದ್ರೆ ಮಿನಿ-ಬಿ, ಬರೀ ಯುಎಸ್‌ಬಿ 2. ಅದಕ್ಕೆ ಬಂಗಾರದ ವೈರ್ ಹಾಕಿದ್ರೂ ವೇಗ ಅಷ್ಟೇ. 5ಡಿ ಮಾರ್ಕ್ 4, ನಿಕಾನ್ ಡಿ850 ಇವಕ್ಕೆ ಅಗಲದ ಮೈಕ್ರೋ-ಬಿ, ಅದಕ್ಕಿಂತ ವೇಗದ ಯುಎಸ್‌ಬಿ 3. ಕ್ಯಾನನ್ ಆರ್5, ಆರ್6ಕ್ಕೆ ಟೈಪ್-ಸಿ. ಸೋನಿ ಎ7 3ರಲ್ಲಿ ಟೈಪ್-ಸಿ, ಮೈಕ್ರೋ ಎರಡೂ ಉಂಟು. ಟೈಪ್-ಸಿಗೇ ಹಾಕಬೇಕು.

ರಿಪೇರಿಯವ: ಆ ಅಗಲದ ಮೈಕ್ರೋ-ಬಿ ತೂತಿನ ಒಂದು ಭಾಗಕ್ಕೆ ಹಳೇ ಫೋನಿನ ಮೈಕ್ರೋ ಯುಎಸ್‌ಬಿ ಸರಿಯಾಗಿ ಕೂರ್ತದೆ. ಯುಎಸ್‌ಬಿ 2ರ ವೇಗ ಸಿಗ್ತದೆ. ಭಾನುವಾರ ಗೋಣಿಕೊಪ್ಪದಲ್ಲಿ ವೈರ್ ಕೈಕೊಟ್ರೆ ನೆನಪಿರಲಿ. ಡೇಟಾ ಎಳೆಯೇ ಇಲ್ಲದ ಚಾರ್ಜಿಂಗ್ ವೈರೂ ಇರ್ತದೆ, ಅದು ಬೇಡ.

ತೋಟದಣ್ಣ: ಸರಿ, ಹತ್ತು ಮೀಟರ್ ತಂದುಬಿಡು. ಉದ್ದ ಇದ್ದಷ್ಟೂ ಒಳ್ಳೇದು.

ರಿಪೇರಿಯವ: ಅಣ್ಣ, ತೋಟದಲ್ಲಿ ಸ್ಪ್ರಿಂಕ್ಲರ್ ಪೈಪಿಗೆ ಪೈಪ್ ಸೇರಿಸ್ತಾ ಹೋದ್ರೆ ಕೊನೇ ಜೆಟ್ಟಲ್ಲಿ ಎಂಥ ಆಗ್ತದೆ?

ತೋಟದಣ್ಣ: ಪ್ರೆಶರ್ ಇಲ್ಲ. ಬೆಕ್ಕು ಉಚ್ಚೆ ಹೊಯ್ದ ಹಾಗೆ.

ರಿಪೇರಿಯವ: ಇಲ್ಲೂ ಅಷ್ಟೇ. 5 ವೋಲ್ಟು ಹೊರಟದ್ದು ಸಣ್ಣ ತಂತಿಯಲ್ಲಿ ಇಳೀತಾ ಹೋಗ್ತದೆ, ಡೇಟಾ ಸಿಗ್ನಲ್ಲೂ ಸೊರಗ್ತದೆ. ಯುಎಸ್‌ಬಿ 2 ಆದ್ರೆ 5 ಮೀಟರ್ ಮಿತಿ. ಯುಎಸ್‌ಬಿ 3ರ ಸಾದಾ ವೈರ್ 3 ಮೀಟರ್ ದಾಟಿದ್ರೆ ನಂಬಬೇಡಿ. ಸೆಕೆಂಡಿಗೆ 10 ಗಿಗಾಬಿಟ್ ವೇಗ ಬೇಕಂದ್ರೆ ಒಂದು ಮೀಟರಿನ ಆಸುಪಾಸು. ಎಡಬ್ಲ್ಯುಜಿ ಅಂತ ವೈರ್ ಮೇಲೆ ಅಚ್ಚಾಗಿರ್ತದೆ, ನಂಬರ್ ಕಮ್ಮಿ ಇದ್ದಷ್ಟೂ ತಂತಿ ದಪ್ಪ. ಕರೆಂಟಿನ ಎಳೆ 28ಕ್ಕಿಂತ 24 ಲೇಸು. ಎರಡು ಸಾದಾ ಎಕ್ಸ್‌ಟೆನ್ಶನ್ ಸೇರಿಸೋದು ಮಾತ್ರ ಬೇಡ, ಜಾಯಿಂಟ್ ಜಾಯಿಂಟಿಗೂ ಸಿಗ್ನಲ್ ಕುಗ್ತದೆ. ಉದ್ದ ಬೇಕೇ ಬೇಕಂದ್ರೆ ಒಳಗೆ ಚಿಪ್ ಇರುವ ಆಕ್ಟಿವ್ ಎಕ್ಸ್‌ಟೆನ್ಶನ್ ಒಂದು. ಅದಕ್ಕೆ ದಿಕ್ಕು ಉಂಟು, ಒಂದು ತುದಿ ಕಂಪ್ಯೂಟರ್ ಕಡೆಗೇ ಹೋಗಬೇಕು.

ಸ್ಟುಡಿಯೋದವ: ಹಾಗಂತ ತೀರಾ ಗಿಡ್ಡವೂ ಆಗೋದಿಲ್ಲ. ಎಲ್ಲರೂ ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ನೇರ ಗೆರೆ ಅಳೀತಾರೆ. ವೈರ್ ಏನು ಹಕ್ಕಿಯಾ ಹಾರೋಕೆ? ಸ್ಟ್ಯಾಂಡಿಂದ ನೆಲಕ್ಕೆ 1.2 ಮೀಟರ್, ನೆಲದಲ್ಲಿ ಒಂದೂವರೆ, ಮೇಜಿಗೆ ಏರೋಕೆ ಮುಕ್ಕಾಲು, ಕ್ಯಾಮೆರಾ ತಿರುಗಿಸೋಕೆ ಇನ್ನೊಂದು ಮುಕ್ಕಾಲು. 4.2 ಆಯ್ತು. ಸಾದಾ ವೈರಲ್ಲ, ಟೆದರಿಂಗ್‌ಗೇ ಅಂತ ಮಾಡಿದ ಕೇಬಲ್ ಹೆಚ್ಚಾಗಿ 4.6 ಮೀಟರಿಗೆ, ಅಂದ್ರೆ 15 ಅಡಿಗೆ ಬರೋದು ಸುಮ್ಮನೆ ಅಲ್ಲ. ಪ್ಯಾಕೆಟ್ಟಿನ ಕೆಲಸಕ್ಕಾದ್ರೆ ಲ್ಯಾಪ್‌ಟಾಪನ್ನ ಸ್ಟೂಲ್ ಮೇಲೆ ಪಕ್ಕಕ್ಕೆ ತಂದು 2 ಮೀಟರಲ್ಲೇ ಮುಗಿಸ್ತೇನೆ.

ತೋಟದಣ್ಣ: ಬಣ್ಣ ಯಾಕೆ ಕಿತ್ತಳೆ? ತೋಟದಲ್ಲಿ ಕೊಡಗಿನ ಕಿತ್ತಳೆ ಕಮ್ಮಿಯಾಯ್ತು ಅಂತ ಬೇಜಾರಲ್ಲಿದ್ದೆ, ಇಲ್ಲಿ ನೆಲದ ಮೇಲೆ ಬಿದ್ದುಕೊಂಡಿದೆ.

ಸ್ಟುಡಿಯೋದವ: ಎಡವಬಾರದು ಅಂತ. ಲೈಟ್ ತಗ್ಗಿಸಿದ ಸ್ಟುಡಿಯೋದಲ್ಲಿ ಕಪ್ಪು ವೈರ್ ಯಾರಿಗೂ ಕಾಣೋದಿಲ್ಲ. ಹೊಳೆಯುವ ಪಾತ್ರೆ, ಬಾಟ್ಲಿ ತೆಗೆಯುವಾಗ ಮಾತ್ರ ಕಪ್ಪೇ ಬೇಕು, ಇಲ್ಲಾಂದ್ರೆ ಜೇನಿನ ಬಾಟ್ಲಿಯಲ್ಲಿ ಕಿತ್ತಳೆ ಗೆರೆ ಕೂತಿರ್ತದೆ.

ರಿಪೇರಿಯವ: ಎಡವಿದವರ ಕಾಲಿಗೆ ಮುಲಾಮು ಸಾಕು. ಕ್ಯಾಮೆರಾದ ಸಾಕೆಟ್ ಒಳಗೆ ಬೋರ್ಡಿಗೇ ಬೆಸುಗೆಯಾಗಿರ್ತದೆ. ಅಡ್ಡಕ್ಕೆ ಒಂದು ಜಗ್ಗು ಬಿದ್ರೆ ಬೆಸುಗೆ ಬಿಡ್ತದೆ, ಕೆಲವು ಸಲ ಬೋರ್ಡೇ ಬದಲಿಸಬೇಕು. ಡಿ850, ಆರ್5 ಪೆಟ್ಟಿಗೆಯಲ್ಲಿ ಕೇಬಲ್ ಹಿಡಿಯುವ ಕ್ಲಿಪ್ ಬರ್ತದೆ. ಹೆಚ್ಚಿನವರ ಮನೆಯಲ್ಲಿ ಅದು ಪ್ಲಾಸ್ಟಿಕ್ ಸುತ್ತಿದ ಹಾಗೇ ಮಲಗಿರ್ತದೆ. ಅದನ್ನ ಹಾಕಿ. ಆಮೇಲೆ ಪಿನ್ನಿಂದ ಐದಾರು ಇಂಚು ಸಡಿಲ ಬಳೆ ಬಿಟ್ಟು, ವೈರನ್ನ ಟ್ರೈಪಾಡಿಗೆ ವೆಲ್‌ಕ್ರೋ ಪಟ್ಟಿಯಲ್ಲಿ ಬಿಗೀರಿ. ಜಗ್ಗಿದ್ರೆ ಪಟ್ಟಿ ತಡ್ಕೊಳ್ಳಬೇಕು, ಪಿನ್ ಅಲ್ಲ. ಲ್ಯಾಪ್‌ಟಾಪ್ ಕಡೆಗೂ ಮೇಜಿನ ಕಾಲಿಗೆ ಒಂದು ಕಟ್ಟು.

ಸ್ಟುಡಿಯೋದವ: ಎಲ್ ಆಕಾರದ ಪಿನ್ ಕೊಳ್ಳುವಾಗ ಅದು ಯಾವ ಕಡೆ ಬಾಗ್ತದೆ ನೋಡಬೇಕು. ಆರ್5ರಲ್ಲಿ ತೂತುಗಳೂ, ಬಿಚ್ಚುವ ಪರದೆಯೂ ಒಂದೇ ಪಕ್ಕದಲ್ಲಿ, ಸವತಿಯರ ಹಾಗೆ ಗುದ್ದಾಡ್ತವೆ.

ತೋಟದಣ್ಣ: ಈಗ ಫ್ಲಾಶ್ ಒಂದು ಸಲ ಹೊಡೀತು, ಒಂದು ಸಲ ಇಲ್ಲ. ಅದಕ್ಕೂ ಈ ವೈರೇ ಕಾರಣ ಅಂತ ಹೇಳಿಬಿಡ್ತೀರಾ?

ರಿಪೇರಿಯವ: ಹೇಳಿಬಿಡ್ತೇನೆ! ಯುಎಸ್‌ಬಿ 3 ವೈರಿನ ಕವಚ ಕಳಪೆಯಾದ್ರೆ ಅದು 2.4 ಗಿಗಾಹರ್ಟ್ಸ್ ಆಸುಪಾಸು ರೇಡಿಯೋ ಗಲಾಟೆ ಎಬ್ಬಿಸ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನ ಅಳೆದು ಬರೆದಿಟ್ಟಿದೆ. ಫ್ಲಾಶಿಗೆ ಸಂದೇಶ ಕಳಿಸುವ ಗೋಡಾಕ್ಸ್ ಟ್ರಿಗರ್ ಮಾತಾಡೋದೂ ಅದೇ 2.4ರಲ್ಲಿ. ಮೊದಲು ಟ್ರಿಗರಿನ ಚಾನೆಲ್ ಬದಲಿಸಿ, ವೈರನ್ನ ಅದರಿಂದ ದೂರ ಎಳೀರಿ. ಆಗಲೂ ಹಾಗೇ ಇದ್ರೆ ವೈರ್ ತೆಗೆದು ನಾಲ್ಕು ಹೊಡೆದು ನೋಡಿ. ಸರಿಯಾದ್ರೆ ಕಳ್ಳ ಸಿಕ್ಕಿದ.

(ಕರೆಂಟ್ ಹೋಗ್ತದೆ. ಇನ್ವರ್ಟರ್ ಟಿಕ್ ಅನ್ನುತ್ತದೆ. ಲ್ಯಾಪ್‌ಟಾಪ್ ಪರದೆಯಲ್ಲಿ ಕ್ಯಾಮೆರಾ ಮಾಯ.)

ತೋಟದಣ್ಣ: ಹೋಯ್ತು ನನ್ನ ಕಾಫಿ!

ಸ್ಟುಡಿಯೋದವ: ಕಾರ್ಡಿನಲ್ಲೂ ಉಳಿಸೋ ಹಾಗೆ ಇಟ್ಟಿದ್ದೇನೆ, ಹೆದರಬೇಡಿ. ಇನ್ವರ್ಟರ್ ಹಿಡಿಯೋ ಆ ಕ್ಷಣದಲ್ಲಿ, ಕ್ಯಾಮೆರಾಕ್ಕೂ ಲ್ಯಾಪ್‌ಟಾಪಿಗೂ ನಡುವೆ ಕೂತ ಕರೆಂಟಿನ ಯುಎಸ್‌ಬಿ ಹಬ್ ಕಣ್ಣು ಮಿಟುಕಿಸ್ತದೆ, ಕ್ಯಾಮೆರಾ ಕೈಬಿಡ್ತದೆ. ಹಬ್ಬನ್ನ ಯುಪಿಎಸ್‌ಗೆ ಹಾಕಬೇಕು, ಇಲ್ಲಾ ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಚುಚ್ಚಬೇಕು.

ರಿಪೇರಿಯವ: ಹಬ್ ಇಲ್ಲದೆಯೂ ಕಡಿದು ಹೋದ್ರೆ ವೈರನ್ನ ಬೈಯುವ ಮೊದಲು ನಾಲ್ಕು ನೋಡಿ. ವಿಂಡೋಸಿನ ಪವರ್ ಸೆಟ್ಟಿಂಗಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್. ಕ್ಯಾಮೆರಾದ ಆಟೋ ಪವರ್ ಆಫ್ ಬಂದ್. ಸೋನಿ ಎ7 3 ಆದ್ರೆ ಯುಎಸ್‌ಬಿ ಕನೆಕ್ಷನ್ 'ಪಿಸಿ ರಿಮೋಟ್'ನಲ್ಲಿ. ಕ್ಯಾನನ್ ಇದ್ದು ಲೈಟ್‌ರೂಮ್ ಸಾಫ್ಟ್‌ವೇರಿಗೆ ಕಾಣದಿದ್ರೆ, ಹಿಂದೆ ಕ್ಯಾನನ್ನಿನದ್ದೇ ಸಾಫ್ಟ್‌ವೇರ್ ಇಒಎಸ್ ಯುಟಿಲಿಟಿ ತಾನೇ ಎದ್ದು ಕ್ಯಾಮೆರಾ ಹಿಡ್ಕೊಂಡಿರ್ತದೆ, ಅದನ್ನ ಮುಚ್ಚಿ.

ತೋಟದಣ್ಣ: ಇಷ್ಟೆಲ್ಲಾ ಮಾಡಿ ಹೊಸ ವೈರ್ ತಂದ ಮೇಲೆ ಅದು ಅಸಲೀನಾ ಅಂತ ಹೇಗೆ ತಿಳಿಯೋದು?

ರಿಪೇರಿಯವ: ಮ್ಯಾಕ್ ಇದ್ರೆ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಯುಎಸ್‌ಬಿ ತೆರೆದು ಕ್ಯಾಮೆರಾದ ಹೆಸರು ಹುಡುಕಿ. 5 ಗಿಗಾಬಿಟ್ ಇಲ್ಲಾ ಅದಕ್ಕಿಂತ ಹೆಚ್ಚು ಅಂತ ಇದ್ರೆ ಸರಿ. ಯುಎಸ್‌ಬಿ 3 ಕ್ಯಾಮೆರಾಕ್ಕೆ 480 ಮೆಗಾಬಿಟ್ ಅಂತ ತೋರಿಸಿದ್ರೆ ಅಂಗಡಿಗೆ ವಾಪಸ್. ಆಮೇಲೆ ಇಪ್ಪತ್ತು ಫೋಟೋ ಒಂದೇ ಸಮ ಹೊಡೀತಾ ವೈರಿನ ನಡುವೆ ಮೆಲ್ಲ ಅಲ್ಲಾಡಿಸಿ. ಪಿನ್ ಹತ್ತಿರ ಅಲ್ಲ! ಒಂದು ಫೈಲೂ ತಪ್ಪಬಾರದು. ಕೆಲಸ ಮುಗಿದ ಮೇಲೆ ಮೊಣಕೈಗೆ ಸುತ್ತಬೇಡಿ, ಒಳಗಿನ ಎಳೆ ತಿರುಚ್ತದೆ. ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ, ಅಗಲ ಬಳೆಯಾಗಿ. ನಮ್ಮ ಮಳೆಗಾಲಕ್ಕೆ ಪಿನ್ ಕಿಲುಬು ಹಿಡೀತದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿಲುಬು ಹಿಡಿದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ.

ತೋಟದಣ್ಣ: ಆಲ್ಕೋಹಾಲಾ? ಮನೇಲಿ ಉಂಟಲ್ಲ!

ರಿಪೇರಿಯವ: ಅದಲ್ಲ ಅಣ್ಣ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ.

ತೋಟದಣ್ಣ: ನನಗೆ ಕೊಡುವಾಗ ಅಂಗಡಿಯವ ಹಾಗೆ ಹೇಳಲಿಲ್ಲ.